ಮೆಣಸಿನಕಾಯಿ ಹುಳಕ್ಕ ಡಿಎನ್ಎ ಪರೀಕ್ಷೆ ಅಂತ, ಯಾರರ ಮಾಡಿಸೀರೇನು?

ಹಗರಿದಂಡಿ (ಸಿರುಗುಪ್ಪ)
ಎಲ್ಲಾರಿಗೂ ನಮಸ್ಕಾರ. 3 ಎಕರೆ ಮೆಣಸಿನಕಾಯಿ ಐತಿ. ಮ್ಯಾಲಿನ 2 ಎಕರೆ ಬ್ಯಾಡಗಿ, ಕೆಳಗಿನ ಮಡಿ 1 ಎಕರೆ ಗುಂಟೂರು. ನಾಟಿ ಮಾಡಿ 70 ದಿನ ಆತು. ಮ್ಯಾಲಿನ ಹೊಲದಾಗ ಹೂವು ಗಿಡ ತುಂಬ ನಿಂತಿತ್ತು, ನಾಲ್ಕು ದಿನದಿಂದ ಉದುರಾಕ ಹತ್ತೈತಿ. ಒಂದು ಹೂವು ಕಿತ್ತು ನೋಟ್‌ಬುಕ್ ಹಾಳಿ ಮ್ಯಾಲೆ ಬಡದೆ. ಸಣ್ಣ ಕರೇವು ಹದಿನೈದಿಪ್ಪತ್ತು ಬಿದ್ದು ಹರಿದಾಡಿದ್ವು. ಜೊತಿಗೆ ಹಳದಿ ಮರಿನೂ ಅದಾವ. ಕೆಳಗಿನ ಮಡಿದು ಬ್ಯಾರೆ ಕತಿ, ಅಲ್ಲಿ ಹೂವಿಗೆ ಏನೂ ಆಗಿಲ್ಲ, ಸುಳಿ ಮುದುಡಿ ಗಿಡ ಕುಂತ್ ಬಿಟ್ಟೈತಿ.

ಒಂದು ಅಂಗಡಿಯವ ಒಂದು ಹುಳದ ಹೆಸರು ಹೇಳಿದ, ಎದುರಿನ ಅಂಗಡಿಯವ ಇನ್ನೊಂದು ಹೇಳಿದ. ಇಬ್ಬರ ಮಾತೂ ಕೇಳಿ ಮೂರು ಸಲ ಎಣ್ಣಿ ಹೊಡದೀನಿ, 11,000 ಹೋತು. ಹುಳ ಹಂಗೇ ಐತಿ. ನಮ್ಮೂರ ಹುಡುಗ ಒಬ್ಬ ಕೃಷಿ ಓದಾಕತ್ಯಾನ. ಅವ ಅಂತಾನ, “ಮಾವ, ಸುಮ್ನ ಹೊಡಿಬ್ಯಾಡ, ಹುಳದ ಡಿಎನ್ಎ ಬಾರ್ಕೋಡ್ ಮಾಡಿಸು, ಯಾವ ಹುಳ ಅಂತ ಖಾತ್ರಿ ಆಗ್ತೈತಿ.” ಬಾರ್ಕೋಡ್ ಅಂದ್ರ ಬಿಸ್ಕೀಟ್ ಪುಡಕಿ ಮ್ಯಾಲೆ ಇರೋ ಗೆರೆ ಅಲ್ಲೇನು? ಇದು ಖರೇ ಕೆಲಸಕ್ಕ ಬರ್ತೈತೋ, ಓದೋ ಹುಡುಗರ ಆಟನೋ?

ಕುಷ್ಟಗಿ ದಾಳಿಂಬ್ರಿ
ಹುಳಕ್ಕೂ ಆಧಾರ್ ಕಾರ್ಡ್ ಬಂತು ಬಿಡ್ರಿ.

ಕೆಂಪುಗುಂಟೂರು (ಕುರುಗೋಡು)
ಅಣ್ಣಾ, ಇದಕ್ಕ ಡಿಎನ್ಎ ಯಾಕ? ಕರೇದು, ಹೂವಿನಾಗ ಕುಂದ್ರತೈತಿ ಅಂದ್ರ ಅದು ಕರೇ ನುಸಿನೇ. 2021ರಾಗ ಬಂದಿದ್ದು ಮರ್ತೀರೇನು? ಆ ವರ್ಷ ದೀಪಾವಳಿ ಆದ ಮ್ಯಾಲೆ ಹೊಲಕ್ಕ ಹೋಗಾಕ ಮನಸಾಗ್ತಿರಲಿಲ್ಲ. ಗಿಡ ಹಸಿರು ಇರೋದು, ನೆಲ ಬೆಳ್ಳಗ ಹೂವು ಹಾಸಿದಂಗ ಇರೋದು. ಒಂದು ಕಾಯಿ ಕಚ್ಚಲಿಲ್ಲ. ಕಚ್ಚಿದ್ದೂ ಸೊಟ್ಟ, ಮೈ ಮ್ಯಾಲೆ ಕಂದು ಕಲೆ. ಹನ್ನೆರಡು ಸಲ ಹೊಡದೆ. ಕಡಿಗೆ ಟ್ರ್ಯಾಕ್ಟರ್ ಬಿಟ್ಟು ಕಿತ್ತಿಸಿ ಕಡ್ಲಿ ಹಾಕಿದೆ. ನಮ್ಮ ಓಣ್ಯಾಗ ಆ ವರ್ಷ ಯಾರ ಮನ್ಯಾಗೂ ಹೊಸ ಖಾರ ಕುಟ್ಟಲಿಲ್ಲ.

ಪಿಪೆಟ್ಟಿನಾಕಿ (ರಾಯಚೂರು)
ನಾನು ಕೀಟಗಳ ಮ್ಯಾಲೇ ಇದೇ ಕೆಲಸ ಮಾಡ್ತೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬ್ಯಾಡ್ರಿ.

ಹಗರಿದಂಡಿ ಅವರೇ, ಬಿಸ್ಕೀಟ್ ಪುಡಕಿ ಅಂದ್ರಲ್ಲ, ಹೆಸರು ಅಲ್ಲಿಂದನ ಬಂದದ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಅನ್ನೋರು 2003ರಾಗ ಈ ವಿಚಾರ ಮುಂದಿಟ್ರು. ಅಂಗಡ್ಯಾಗ ಸಾವಿರ ಸಾಮಾನು ಇದ್ರೂ ನಾಕು ಗೆರೆ ನೋಡಿ ಯಂತ್ರ ಇದು ಸಾಬೂನು, ಇದು ಚಾಪುಡಿ ಅಂತ ಹೇಳ್ತದಲ್ಲ, ಹಂಗ ಪ್ರಾಣಿ ಮೈಯಾಗಿನ ಒಂದು ಸಣ್ಣ ಡಿಎನ್ಎ ತುಂಡು ಓದಿ ಯಾವ ಜಾತಿ ಅಂತ ಹೇಳಬಹುದು ಅಂದ್ರು. ಕೀಟಗಳಿಗೆ ಆ ತುಂಡು ಸಿಓಐ ಅನ್ನೋ ಜೀನ್. ಜೀವಕೋಶದೊಳಗ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದಾಗ ಇರ್ತದ. ಉದ್ದ ಸುಮಾರು 658 ಅಕ್ಷರ, ಅಕ್ಷರ ಅಂದ್ರ ಎ, ಟಿ, ಜಿ, ಸಿ ಅಷ್ಟ. ಒಂದೇ ಜಾತಿ ಹುಳಗಳಾಗ ಈ ಅಕ್ಷರ ಹೆಚ್ಚುಕಡಿಮಿ ಒಂದೇ ಇರ್ತಾವ, ಬ್ಯಾರೆ ಜಾತಿಗೆ ಹೋದ್ರ ಎದ್ದು ಕಾಣೂವಷ್ಟು ಬದಲಾಗ್ತಾವ.

ಕೆಂಪುಗುಂಟೂರು ಅವರಿಗೆ: ನೀವು ಹೇಳೋ ಕರೇ ನುಸಿ ಅಂದ್ರ ಥ್ರಿಪ್ಸ್ ಅನ್ನೋ ಸಣ್ಣ ಕೀಟಗಳ ಬಳಗದ್ದು, ಪೂರ್ತಿ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಅದು 2021ರಾಗ ದಿಢೀರ್ ಬಂದಿದ್ದಲ್ಲ. ಭಾರತದಾಗ ಅದಾ ಅಂತ ಮೊದಲ ವರದಿ ಆಗಿದ್ದು 2015ರಾಗ, ಅದೂ ಬೆಂಗಳೂರಿನ ಪಪ್ಪಾಯಿ ಮ್ಯಾಲೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದವರು ಸೂಕ್ಷ್ಮದರ್ಶಕದಾಗೂ ನೋಡಿ, ಇದೇ ಬಾರ್ಕೋಡೂ ಓದಿಸಿ ಹೆಸರು ಹೇಳಿದ್ರು. ಅಂದ್ರ ಮೆಣಸಿನಕಾಯಿ ಹೊಲ ಹಾಳಾಗೋದಕ್ಕ ಆರು ವರ್ಷ ಮೊದಲ ಅದರ ಹೆಸರು ದಾಖಲಾಗಿತ್ತು. ನಮ್ಮ ಹೊಲದ ತನಕ ಆ ಸುದ್ದಿ ಬರಲಿಲ್ಲ, ಹುಳ ಬಂತು.

ಮತ್ತ ಹೂವಿನಾಗಿನ ಕರೇ ನುಸಿ ಎಲ್ಲಾ ಅದೇ ಅಲ್ರಿ. ಬ್ಯಾರೆ ಕರೇವೂ ಹೂವಿನಾಗ ಇರ್ತಾವ. ಇನ್ನ ಪಾರ್ವಿಸ್ಪೈನಸ್ ಹೆಣ್ಣು ಮಾತ್ರ ಕರೇದು, ಗಂಡು ಹಳದಿ, ಮರಿಗಳೂ ಹಳದಿ. ನಮ್ಮ ಹಳೇ ಎಲೆ ನುಸಿ, ಸ್ಕಿರ್ಟೊಥ್ರಿಪ್ಸ್ ಡಾರ್ಸಾಲಿಸ್, ಅದೂ ಹಳದಿ. ಮರಿ ಕೈಯಾಗ ಕೊಟ್ಟು ಯಾವುದು ಹೇಳು ಅಂದ್ರ ದೊಡ್ಡ ದೊಡ್ಡೋರು ತಡವರಿಸ್ತಾರ. ಬಾರ್ಕೋಡಿಗೆ ಮರಿ, ತತ್ತಿ, ಮುರದ ಕಾಲು ಯಾವುದಾದ್ರೂ ನಡೀತದ. ಅದರ ಉಪಯೋಗ ಅಲ್ಲೇ ಇರೋದು.

ಹಗರಿದಂಡಿ (ಸಿರುಗುಪ್ಪ)
ತಂಗಿ, ಭಾಳ ಚಲೋ ತಿಳಿಸಿ ಹೇಳಿದಿ. ಹಂಗಾರ ಹುಳ ಹೆಂಗ ಹಿಡಕೊಂಡು ಬರಬೇಕು? ಪ್ಲಾಸ್ಟಿಕ್ ಚೀಲದಾಗ ಹೂವು ಹಾಕಿ ಬಸ್ಸಿಗೆ ಕೊಟ್ರ ನಡೀತೈತಾ?

ಪಿಪೆಟ್ಟಿನಾಕಿ (ರಾಯಚೂರು)
ಬ್ಯಾಡ್ರಿ! ಚೀಲದಾಗ ಹಾಕಿದ್ರ ಬೆವತು ಕೊಳತು ಬರ್ತದ, ಹುಳ ಸತ್ತು ಬೂಷ್ಟ ಹಿಡೀತದ, ಆಮೇಲೆ ಬೂಷ್ಟದ ಡಿಎನ್ಎ ಓದಬೇಕು ನಾವು.

ಸಣ್ಣ ಮುಚ್ಚಳದ ಟ್ಯೂಬು ಬೇಕು. ಅದರಾಗ ನೂರಕ್ಕ 95ರ ಮ್ಯಾಲಿನ ಶುದ್ಧ ಎಥೆನಾಲ್, ಅಂದ್ರ ಆಲ್ಕೋಹಾಲ್. ಊರ ಹುಡುಗ ಕೃಷಿ ಓದ್ತಾನಂದ್ರಲ್ಲ, ಅವನ ಕಾಲೇಜಿನಾಗ ಸಿಗ್ತದ. ಮುಂಜಾನೆ ಬಿಸಿಲೇರೋಕೂ ಮೊದಲ ಹೋಗ್ರಿ, ಆಗ ಹುಳ ಚುರುಕಿರೋದಿಲ್ಲ. ಚಿತ್ರ ಬಿಡಿಸೋ ಸಣ್ಣ ಕುಂಚ ಎಥೆನಾಲಿನಾಗ ಅದ್ದಿ ಹುಳಕ್ಕ ತಾಗಿಸಿದ್ರ ಅಂಟ್ಕೋತದ. ಹೂವಿಂದು ಒಂದು ಟ್ಯೂಬು, ಎಲೆದು ಇನ್ನೊಂದು, ಮ್ಯಾಲಿನ ಹೊಲದ್ದು ಕೆಳಗಿಂದು ಬ್ಯಾರೆ ಬ್ಯಾರೆ. ಚೀಟಿ ಪೆನ್ಸಿಲಿನಾಗ ಬರದು ಒಳಗ ಹಾಕ್ರಿ. ಪೆನ್ನಿನಾಗ ಬರದ್ರ ಎಥೆನಾಲಿನಾಗ ಅಳಸಿ ಹೋಗ್ತದ, ಆಮೇಲೆ ಯಾವ ಹೊಲದ್ದು ಯಾವುದು ಅಂತ ದೇವರೇ ಹೇಳಬೇಕು. ಫಾರ್ಮಲಿನ್ ಮಾತ್ರ ಬೇಡೇ ಬೇಡ, ಡಿಎನ್ಎ ಕಟ್ಟಿ ಹಾಕಿಬಿಡ್ತದ.

ಮಾನ್ವಿಹತ್ತಿ
ನಮ್ ಮಾವನ ಮಗ ಹಿಂಗ ಯಾರೋ ಹೇಳ್ಯಾರ ಅಂತ ಹುಳ ಆಲ್ಕೋಹಾಲಿನಾಗ ಹಾಕಬೇಕು ಅಂದ್ಕೊಂಡು ಕ್ವಾರ್ಟರ್ ಬಾಟ್ಲಿ ತಂದು ಅರ್ಧ ತಾ ಕುಡದು ಇನ್ನರ್ಧದಾಗ ಹುಳ ಹಾಕಿ ಒಯ್ದಿದ್ದ. ಹುಳನೂ ಟೈಟು, ಅವನೂ ಟೈಟು.

ಪಿಪೆಟ್ಟಿನಾಕಿ (ರಾಯಚೂರು)
ಅದರಾಗ ಎಥೆನಾಲ್ ಇರೋದು ನೂರಕ್ಕ 42.8ರಷ್ಟು. ಉಳಿದದ್ದು ನೀರು, ಬಣ್ಣ. ಹುಳ ಕೊಳೀತದ. ಅವರು ಪೂರ್ತಿ ಕುಡದಿದ್ರ ಚಲೋ ಇತ್ತು.

ಅಂಗಡಿಗಲ್ಲಾ (ಸಿಂಧನೂರು)
ಮೊದಲನೇ ಪೋಸ್ಟಿನಾಗ ಅಂಗಡಿಯವರಿಗೆ ಒಂದು ಗುದ್ದು ಕೊಟ್ಟಾರ, ಅದಕ್ಕ ಬರದೆ. ನಾನೂ ಔಷಧಿ ಅಂಗಡಿಯವನ. ನಮ್ಮ ಕೌಂಟರಿಗೆ ಬಂದವ ಏನಂತಾನ ಗೊತ್ತೇನ್ರಿ? “ಅಣ್ಣಾ, ಜೋರಾದ್ದು ಕೊಡು.” ಯಾವ ಹುಳಕ್ಕ ಅಂತ ಕೇಳಿದ್ರ “ಹುಳಕ್ಕ” ಅಂತಾನ. ಎಲೆ ತಂದಿಯಾ ಅಂದ್ರ ಇಲ್ಲ. ಫೋಟೋ? ಇಲ್ಲ. ಬೈಕ್ ಬಂದ್ ಮಾಡಿರಂಗಿಲ್ಲ, ಇಂಜಿನ್ ಗುರ್ ಗುರ್ ಅಂತಿರ್ತದ. ನಾ ಒಂದು ಕೊಡಲಿಲ್ಲಂದ್ರ ಎದುರಿನವ ಮೂರು ಕೊಡ್ತಾನ. ನನ್ನ ಗಿರಾಕಿ ಹೋದ. ಈಗ ಹೇಳ್ರಿ, ನಾನೇನು ಕೌಂಟರ್ ಮ್ಯಾಲೆ ಡಿಎನ್ಎ ಯಂತ್ರ ಇಟ್ಕೊಂಡು ಕುಂದ್ರಲೇನು?

ಕೆಂಪುಗುಂಟೂರು (ಕುರುಗೋಡು)
ಗಲ್ಲಾ ಅಣ್ಣ, ನೀ ಹೇಳೋದು ಅರ್ಧ ಖರೆ. ಇನ್ನರ್ಧ ನಾ ಹೇಳ್ತೀನಿ. ಬೆಳಿ ಬರೋತನಕ ಉದ್ರಿ ಕೊಡೋರು ನೀವು. ಉದ್ರಿ ಇದ್ದವ “ಇದು ಬ್ಯಾಡ, ಅದು ಕೊಡು” ಅಂತ ಹೆಂಗ ಅಂತಾನ? ನೀವು ಕೊಟ್ಟದ್ದು ತಗೊಂಡು ಬರ್ತಾನ. 2021ರಾಗ ನನಗ ಒಂದೇ ಪಂಪಿಗೆ ನಾಕು ಬಾಟ್ಲಿ ಕೂಡಿಸಿ ಹೊಡಿ ಅಂದವನ ಅಂಗಡಿ ಹೆಸರು ಬರಿಯಂಗಿಲ್ಲ, ಆದ್ರ ಆ ಚೀಟಿ ಇನ್ನೂ ಇಟ್ಟೀನಿ.

ಭೂತಗನ್ನಡಿ (ಕಂಪ್ಲಿ)
ನಾನು ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿ ಈಗ ನಿವೃತ್ತನಾಗಿ 4 ಎಕರೆ ನೋಡಿಕೊಂಡಿರುವವನು. ಎಲ್ಲರೂ ಬಾರ್ಕೋಡನ್ನು ಹೊಗಳುತ್ತಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ.

ಯಂತ್ರ 658 ಅಕ್ಷರ ಓದುತ್ತದೆ, ಸರಿ. ಆ ಅಕ್ಷರಗಳಿಗೆ ಹೆಸರು ಕೊಡುವವರು ಯಾರು? ಮೊದಲೇ ಯಾರೋ ಒಬ್ಬರು ಹುಳ ಹಿಡಿದು, ಗಾಜಿನ ಮೇಲೆ ಅಂಟಿಸಿ, ಮೀಸೆಯಲ್ಲಿ ಎಷ್ಟು ಗೆಣ್ಣು, ರೆಕ್ಕೆಯ ನರದ ಮೇಲೆ ಎಷ್ಟು ಕೂದಲು ಎಂದು ಎಣಿಸಿ, ಹೆಸರಿಟ್ಟು, ಆಮೇಲೆ ಅದರ ಅಕ್ಷರ ಓದಿಸಿ ಕಣಜಕ್ಕೆ ಸೇರಿಸಿರಬೇಕು. ನಿಮ್ಮ ಹುಳದ ಅಕ್ಷರವನ್ನು ಆ ಕಣಜದೊಂದಿಗೆ ತಾಳೆ ನೋಡುತ್ತಾರೆ, ಅಷ್ಟೇ. ಅಲ್ಲಿ ಹೆಸರೇ ತಪ್ಪಿದ್ದರೆ? ಜೀವಿಗಳ ಡಿಎನ್ಎ ಅಕ್ಷರಗಳನ್ನು ಕೂಡಿಟ್ಟಿರುವ ಜೆನ್‌ಬ್ಯಾಂಕಿನಂತಹ ಕಣಜಗಳಲ್ಲಿ ತಪ್ಪು ಹೆಸರಿನ ದಾಖಲೆಗಳು ಇವೆ ಎಂಬುದು ಆ ಕ್ಷೇತ್ರದವರಿಗೆ ಗೊತ್ತಿರುವ ಮಾತೇ. ರಾಶಿಯಲ್ಲಿ ಕಲ್ಲು ಸೇರಿದ್ದರೆ ತೂಕ ಸರಿಯಾಗಿ ಬಂದರೇನು?

ಕೂದಲು ಎಣಿಸಿ ಹೆಸರು ಹೇಳಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಆ ಕೆಲಸಕ್ಕೆ ಹುಡುಗರು ಬರುವುದಿಲ್ಲ, ಕಣ್ಣು ನೋಯುತ್ತದೆ, ಕೀರ್ತಿ ಇಲ್ಲ. ಎಲ್ಲರಿಗೂ ಯಂತ್ರ ಬೇಕು.

ಪಿಪೆಟ್ಟಿನಾಕಿ (ರಾಯಚೂರು)
ಮೇಷ್ಟ್ರೇ, ನಿಮ್ಮ ಮಾತು ನೂರಕ್ಕ ತೊಂಬತ್ತು ಒಪ್ತೀನಿ. ಅದಕ್ಕ ನಾವು ಈಗ ನುಸಿ ಅರೆಯೋದಿಲ್ಲ. ಮೈ ಒಳಗಿನ ಡಿಎನ್ಎ ಕರಗಿಸಿ ತಗೊಂಡು ಸಿಪ್ಪಿ ಹಂಗ ಉಳಿಸಿ ಗಾಜಿಗೆ ಅಂಟಿಸಿ ಇಡ್ತೀವಿ. ನಾಳೆ ಯಾರಿಗರ ಅನುಮಾನ ಬಂದ್ರ ಅದೇ ಹುಳದ ಕೂದಲು ಎಣಿಸಬಹುದು.

ಉಳಿದ ಹತ್ತು ಯಾಕ ಒಪ್ಪಂಗಿಲ್ಲ ಅಂದ್ರ, ಕೂದಲು ಎಣಿಸಿದ್ರೂ ಗೊತ್ತಾಗದ ಹುಳ ಅದಾವ. ಬಿಳಿನೊಣ ತಗೋರಿ, ಬೆಮಿಸಿಯಾ ಟಬಾಸಿ. ಹತ್ತಿಗೂ ಬರ್ತದ, ಮೆಣಸಿನಕಾಯಿಗೆ ಎಲೆ ಮುದುಡೋ ವೈರಸ್ಸೂ ಹೊತ್ತು ತರ್ತದ. ಆ ಒಂದೇ ಹೆಸರಿನ ಹಿಂದ 30ಕ್ಕೂ ಹೆಚ್ಚು ಜಾತಿ ಅಡಗ್ಯಾವ. ಸೂಕ್ಷ್ಮದರ್ಶಕದಾಗ ಎಲ್ಲಾ ಒಂದೇ. ಔಷಧಿ ತಡಕೊಳ್ಳೋದ್ರಾಗ, ವೈರಸ್ ಹೊರೋದ್ರಾಗ ಮಾತ್ರ ಬ್ಯಾರೆ ಬ್ಯಾರೆ. ಅವನ್ನ ಬಿಡಿಸಿದ್ದು ಇದೇ ಸಿಓಐ. ಎಲೆ ನುಸಿ ಡಾರ್ಸಾಲಿಸ್ ಕೂಡ ಹಂಗ, ಕನಿಷ್ಠ 9 ಜಾತಿ ಒಂದೇ ಹೆಸರಿನಾಗ ಅದಾವ ಅಂತ ಡಿಎನ್ಎ ನೋಡಿದ ಮ್ಯಾಲೆ ಗೊತ್ತಾತು.

ಯಂತ್ರ ಮೋಸ ಹೋಗೋದು ಬ್ಯಾರೆ ರೀತಿನೂ ಅದ. ಒಮ್ಮೆ ತೊಗರಿ ಕಾಯಿಕೊರಕದ ಮರಿ ಓದಿಸಿದೆ. ಕಣಜದಾಗ ತಾಳೆ ನೋಡಿದ್ರ “ಕಣಜ” ಅಂತನ ಬಂತು! ಅಂದ್ರ ಕಡಜ, ಹುಳದ ಹೊಟ್ಟ್ಯಾಗ ತತ್ತಿ ಇಡೋ ಸಣ್ಣ ಪರತಂತ್ರ ಜೀವಿ. ಹುಳದ ಒಳಗ ಅದರ ಮರಿ ಇತ್ತು, ಅದರ ಡಿಎನ್ಎ ಎದ್ದು ಬಂತು. ಇನ್ನೊಮ್ಮೆ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಬಂತು, ಅದೂ ಕೀಟಗಳ ಮೈಯಾಗ ವಾಸ. ಆವತ್ತು ನಮ್ ಗೈಡ್ ಕೇಳಿದ್ರು, ಹುಳ ಎಲ್ಲಿ ಅಂತ.

ಮಾನ್ವಿಹತ್ತಿ
ಕಡಜ ಬಂದಿದ್ದು ಚಲೋ ಸುದ್ದಿನೇ ಅಲ್ಲೇನು, ಹುಳ ಸಾಯ್ತದ ಅಂದಂಗಾತು.

ಪಿಪೆಟ್ಟಿನಾಕಿ (ರಾಯಚೂರು)
ಹೌದ್ರಿ, ರೈತಗ ಚಲೋ ಸುದ್ದಿ. ನನ್ನ ಥೀಸಿಸ್ಸಿಗೆ ಕೆಟ್ಟ ಸುದ್ದಿ.

ಎಡದಂಡಿ (ಗಂಗಾವತಿ)
ನನ್ನದೊಂದು ಪ್ರಶ್ನೆ ಐತಿ, ಇಲ್ಲೇ ಕೇಳ್ತೀನಿ. ಮೆಕ್ಕಿಜೋಳಕ್ಕ ಬರೋ ಫಾಲ್ ಸೈನಿಕ ಹುಳ, 2018ರ ಮೇ ತಿಂಗಳಾಗ ಶಿವಮೊಗ್ಗದಾಗ ಸಿಕ್ತು ಅಂತ, ದೇಶದಾಗ ಅದೇ ಮೊದಲು. ತಲಿ ಮ್ಯಾಲೆ ತಿರುವಿ ಹಾಕಿದ ವೈ ಗುರುತು, ಬಾಲದ ಹತ್ರ ಚೌಕಾಗಿ ನಾಕು ಚುಕ್ಕಿ. ಅದನ್ನ ಈಗ ನಮ್ಮ ಯಲಬುರ್ಗಾ ಕಡೆ ಸಣ್ಣ ಹುಡುಗರೂ ಗುರ್ತು ಹಿಡೀತಾರ. ಆದ್ರ ವಾಟ್ಸಾಪಿನಾಗ ಒಂದು ಮೆಸೇಜ್ ತಿರುಗಾಡಿತ್ತು, “ಡಿಎನ್ಎ ಪರೀಕ್ಷೆಯಾಗ ನಮ್ಮಲ್ಲಿರೋದು ಭತ್ತದ ತಳಿ ಅಂತ ಗೊತ್ತಾಗೈತಿ, ಮುಂದ ಭತ್ತಕ್ಕ ಬರ್ತೈತಿ” ಅಂತ. ನಮ್ಮದು ಎಡದಂಡಿ ಕಾಲುವಿ, ನೋಡಿದಲ್ಲೆಲ್ಲಾ ಭತ್ತ. ಎರಡು ವರ್ಷ ನಿದ್ದಿ ಹತ್ತಲಿಲ್ಲ ನನಗ. ಇವತ್ತಿನ ತನಕ ನನ್ನ ಗದ್ದಿಗೆ ಬಂದಿಲ್ಲ. ಪರೀಕ್ಷೆ ಸುಳ್ಳೋ, ಮೆಸೇಜ್ ಸುಳ್ಳೋ?

ಪಿಪೆಟ್ಟಿನಾಕಿ (ರಾಯಚೂರು)
ಎರಡೂ ಸುಳ್ಳಲ್ಲ, ಅದೇ ತಮಾಷೆ. ಆ ಹುಳದಾಗ ಎರಡು ಬಳಗ ಅದಾವ, ಅಮೆರಿಕದಾಗ ಒಂದು ಹೆಚ್ಚಾಗಿ ಜೋಳ-ಮೆಕ್ಕಿಜೋಳಕ್ಕ, ಇನ್ನೊಂದು ಭತ್ತ, ಹುಲ್ಲಿಗೆ. ಕಣ್ಣಿಗೆ ಎರಡೂ ಒಂದೇ. ಬಾರ್ಕೋಡ್ ಓದಿದಾಗ ಆಫ್ರಿಕಾ, ಏಷ್ಯಾದಾಗಿನ ಭಾಳ ಹುಳಕ್ಕ ಭತ್ತದ ಬಳಗದ ಅಕ್ಷರ ಬಂದ್ವು. ಆದ್ರ ತಿನ್ನೋದು ಮೆಕ್ಕಿಜೋಳ!

ಯಾಕಂದ್ರ ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರ್ತದ. ಬಾರ್ಕೋಡ್ ಅಂದ್ರ ತಾಯಿ ಬಳ್ಳಿ ಅಷ್ಟೇ ಹೇಳ್ತದ, ತಂದೆ ಯಾವ ಊರವ ಅಂತ ಅದಕ್ಕ ಗೊತ್ತಿಲ್ಲ. ತಂದೆ ಕಡಿಂದನೂ ಬರೋ ಟಿಪಿಐ ಅನ್ನೋ ಬ್ಯಾರೆ ಜೀನ್ ನೋಡಿದ್ರ ಅದೇ ಹುಳ ಮೆಕ್ಕಿಜೋಳದ ಬಳಗದ್ದು ಅಂತ ಬಂತು. ಎಂದೋ ಎರಡು ಬಳಗ ಕೂಡಿ ಹುಟ್ಟಿದ ಸಂತಾನ ಹರಡ್ಯದ ಅಂತ ಅದರ ಅರ್ಥ. ಅರ್ಧ ವರದಿ ಓದಿದವ ಮೆಸೇಜ್ ಮಾಡಿದ್ದ. ನೀವು ಎರಡು ವರ್ಷ ನಿದ್ದಿಗೆಟ್ರಿ.

ಎಡದಂಡಿ (ಗಂಗಾವತಿ)
ಅಂದ್ರ ತವರುಮನಿ ಭತ್ತದ್ದು, ಉಣ್ಣೋದು ಮೆಕ್ಕಿಜೋಳ. ನಮ್ಮ ಮನ್ಯಾಗೂ ಹಂಗ ಐತಿ, ಆಕಿ ತವರು ಅನ್ನ, ನಮ್ಮದು ರೊಟ್ಟಿ.

ಮಾನ್ವಿಹತ್ತಿ
ಹಂಗಾರ ನಮ್ಮ ಹತ್ತಿ ಗುಲಾಬಿ ಕಾಯಿಕೊರಕಕ್ಕ ಬಾರ್ಕೋಡ್ ಏನ್ ಮಾಡ್ತದ? ಹೆಸರು ನಮಗ ಗೊತ್ತದ. ಕಾಯಿ ಒಡದು ನೋಡಿದ್ರ ಗುಲಾಬಿ ಬಣ್ಣದ್ದು ಕಾಳು ತಿಂತಾ ಕುಂತಿರ್ತದ, ನನಗ ಡಿಎನ್ಎ ಬ್ಯಾಡ. ಬಿಟಿ ಬೀಜ ಹಾಕಿದ್ರೂ ಯಾಕ ಸಾಯವಲ್ದು, ಅದನ್ನ ಹೇಳಂಗಿದ್ರ ಹೇಳ್ಲಿ.

ಪಿಪೆಟ್ಟಿನಾಕಿ (ರಾಯಚೂರು)
ಹೇಳಂಗಿಲ್ಲ. ಬಾರ್ಕೋಡಿನಾಗ ಜಾತಿ ಹೆಸರು ಸಿಗ್ತದ, ಆ ಹುಳ ಯಾವ ವಿಷ ಜೀರ್ಣಿಸಿಕೊಂಡದ ಅನ್ನೋದು ಸಿಗಂಗಿಲ್ಲ. ಬಿಟಿ ನಿರೋಧಕ ಶಕ್ತಿಗೆ ಬ್ಯಾರೆ ಜೀನ್ ನೋಡಬೇಕು, ಇಲ್ಲಾ ಹುಳಕ್ಕ ಬಿಟಿ ತಿನ್ನಿಸಿ ಸಾಯ್ತದೋ ಇಲ್ಲೋ ನೋಡಬೇಕು. ಗಂಗಾವತಿ ಅವರ ಭತ್ತದ ಕಂದು ಜಿಗಿಹುಳಕ್ಕೂ ಇದೇ ಮಾತು.

ಎಡದಂಡಿ (ಗಂಗಾವತಿ)
ಜಿಗಿಹುಳದ ಸುದ್ದಿ ತೆಗಿಬ್ಯಾಡವ್ವ. ಹೋದ ಸಲ ಎಲೆ ಸುತ್ತೋ ಹುಳಕ್ಕ ಅಂತ ಅಗ್ಗದ ಪೈರಿಥ್ರಾಯ್ಡ್ ಕೀಟನಾಶಕ ಹೊಡದೆ. ಅದು ಸತ್ತಿತು. ಎಂಟತ್ತು ದಿನಕ್ಕ ಬುಡದಾಗ ಜಿಗಿಹುಳ ಕೊಡದಾಗ ತುಂಬಿದಂಗ ತುಂಬಿದ್ವು, ಗದ್ದಿ ನಡುವ ಸುಟ್ಟ ಗುಂಡಗಿ ಬಿದ್ವು. ಅದನ್ನ ತಿನ್ನೋ ಜ್ಯಾಡ, ತಿಗಣಿ ನಾನೇ ಕೊಂದಿದ್ದೆ.

ಕಂಪ್ಲಿಟುಬೆಂಗ್ಳೂರು
ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲಿದ್ದೀನಿ, ಊರಲ್ಲಿ ಅಪ್ಪ ಹೊಲ ಮಾಡ್ತಾರೆ. ಇಷ್ಟೆಲ್ಲಾ ಕಷ್ಟ ಯಾಕೆ, ಫೋಟೋ ತೆಗೆದರೆ ಹುಳ ಹೇಳೋ ಆ್ಯಪ್ ಬಂದಿದೆಯಲ್ಲ? ಎಐ ಕಾಲ ಇದು.

ಕೆಂಪುಗುಂಟೂರು (ಕುರುಗೋಡು)
ತಮ್ಮಾ, ನುಸಿ ಉದ್ದ ಒಂದು ಮಿಲಿಮೀಟರ್. ನನ್ನ ಫೋನಿನಾಗ ಫೋಟೋ ತೆಗದ್ರ ಖಾರಪುಡಿ ಚೆಲ್ಲಿದಂಗ ಬರ್ತೈತಿ. ಒಮ್ಮೆ ಹಾಕಿದ್ದೆ, ಆ್ಯಪ್ ಅಂತು “ಸಾರಜನಕ ಕೊರತೆ”. ಅದಕ್ಕಿಂತ ಮೊದಲ ವಾರ ಎರಡು ಚೀಲ ಯೂರಿಯಾ ಹಾಕಿದ್ದೆ.

ಕಂಪ್ಲಿಟುಬೆಂಗ್ಳೂರು
ಸರಿ ಸರಿ, ದೊಡ್ಡ ಹುಳಕ್ಕೆ ನಡೆಯುತ್ತೆ ಅಂದೆ ಅಷ್ಟೇ. ಆದರೆ ಲ್ಯಾಂಪ್ ಅಂತ ಒಂದು ಡಿಎನ್ಎ ಪರೀಕ್ಷೆ ಇದೆ, ಅದಕ್ಕೆ ಡಿಎನ್ಎ ನಕಲು ಮಾಡೋ ಪಿಸಿಆರ್ ಯಂತ್ರ ಬೇಡ, ಬಿಸಿನೀರಲ್ಲಿ 65 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಬಣ್ಣ ಬದಲಾಗುತ್ತೆ. ಅದು ಅಂಗಡಿ ಕೌಂಟರ್ ಮೇಲೂ ಇಡಬಹುದಲ್ವಾ?

ಪಿಪೆಟ್ಟಿನಾಕಿ (ರಾಯಚೂರು)
ಇಡಬಹುದು. ಆದ್ರ ಅದು “ನೀನು ಇಂಥಾ ಹುಳ ಹೌದೋ ಅಲ್ಲೋ” ಅಂತ ಒಂದೇ ಪ್ರಶ್ನೆ ಕೇಳ್ತದ. ಯಾವ ಹುಳ ಅಂತ ನೀವು ಮೊದಲ ಊಹಿಸಿರಬೇಕು. ಅಲ್ಲ ಅಂದ್ರ ಮತ್ತ ಯಾವುದು ಅಂತ ಹೇಳಂಗಿಲ್ಲ.

ಅಂಗಡಿಗಲ್ಲಾ (ಸಿಂಧನೂರು)
ಒಂದು ಗಂಟೆ! ನನ್ನ ಗಿರಾಕಿ ಬೈಕ್ ಬಂದ್ ಮಾಡಂಗಿಲ್ಲ ಅಂತ ಹೇಳಿದೆನಲ್ಲೋ ಮಾರಾಯ.

ಕುಷ್ಟಗಿ ದಾಳಿಂಬ್ರಿ
ಬ್ಯಾಡಗಿ ಪ್ಯಾಟಿ ರೇಟು ಈ ವಾರ ಏನೈತಿ? ಯಾರರ ಹೋಗಿದ್ರೇನು?

ಕೆಂಪುಗುಂಟೂರು (ಕುರುಗೋಡು)
ಹೊಸ ಮಾಲು ಇನ್ನೂ ಎಲ್ಲೈತಿ, ಜನವರಿ ಬರ್ಲಿ. ಶೀತಲಗೃಹದ ಮಾಲಿಂದು ಕೇಳಬ್ಯಾಡ್ರಿ, ಅದು ಬ್ಯಾರೇನ ಲೋಕ. ಮತ್ತ ನೀವು ದಾಳಿಂಬ್ರಿಯವರು, ಮಿರ್ಚಿ ಭಜಿಗಾಗಿ ಕೇಳಾಕತ್ತೀರಾ?

ಹಗರಿದಂಡಿ (ಸಿರುಗುಪ್ಪ)
ಹುಳ ಹಿಡದೆ. ಕತಿ ಕೇಳ್ರಿ.

ಮುಂಜಾನೆ ಆರಕ್ಕ ಹೋದೆ, ಸಣ್ಣ ಮಗಳು ಬ್ಯಾಟರಿ ಹಿಡಕೊಂಡಿದ್ಲು. ಆಕಿದೇ ಬಣ್ಣದ ಡಬ್ಬಿ ಕುಂಚ. ಮೊದಲನೇ ಹೂವು ಬಡದಾಗ ಹುಳ ಬಿದ್ವು, ಕುಂಚ ತಾಗಿಸೋದ್ರಾಗ ಎಲ್ಲಾ ಹಾಳಿ ಅಂಚಿಗೆ ಓಡಿ ಹಿಂದಕ ಹೋದ್ವು. ನಾನು ಹಾಳಿ ತಿರುಗಿಸಿದ್ರ ಈ ಕಡೆ ಬರೋವು. ಮಗಳು ಅಂದ್ಲು, “ಅಪ್ಪಾ, ಹಾಳಿ ಬ್ಯಾಡ, ತಾಟಿನಾಗ ಬಡಿ.” ಸ್ಟೀಲ್ ತಾಟಿನಾಗ ಬಡದ್ರ ಅಂಚು ಎತ್ತರ, ಓಡಾಕ ತಡ ಆಗ್ತೈತಿ. ಕುಂಚಕ್ಕ ಒಂದೊಂದು ಅಂಟಿಸಿ ಟ್ಯೂಬಿನಾಗ ಝಾಡಿಸಿದ್ರ ತಳಕ್ಕ ಇಳದು ಕರೇ ಗೆರೆ ಎಳದಂಗ ಕಾಣ್ತಿತ್ತು. ಒಂದು ತಾಸಿನಾಗ 5 ಟ್ಯೂಬು. ಚೀಟಿ ಮಗಳೇ ಪೆನ್ಸಿಲಿನಾಗ ಬರದ್ಲು, ನನ್ನ ಅಕ್ಷರ ಡಿಎನ್ಎಕ್ಕಿಂತ ಕಷ್ಟ ಅಂತ.

ಕೆಳಗಿನ ಮಡಿಯಾಗ ಮಾತ್ರ ಎಷ್ಟು ಬಡದ್ರೂ ಹುಳನ ಬೀಳಲಿಲ್ಲ. ಎಲೆ ಒಂದಿಷ್ಟು ಕಿತ್ತು ಹಂಗೇ ಎಥೆನಾಲಿನಾಗ ಮುಳುಗಿಸಿ ಕಳಿಸೀನಿ.

ಭೂತಗನ್ನಡಿ (ಕಂಪ್ಲಿ)
ಒಂದು ನಿಮಿಷ. ಕೆಳಗಿನ ಮಡಿಯಲ್ಲಿ ಎಲೆ ಯಾವ ಕಡೆಗೆ ಮುದುಡಿದೆ? ದೋಣಿಯಂತೆ ಮೇಲಕ್ಕೋ, ಬೋರಲು ಹಾಕಿದಂತೆ ಕೆಳಕ್ಕೋ? ತೊಟ್ಟು ಉದ್ದವಾಗಿದೆಯೇ?

ಹಗರಿದಂಡಿ (ಸಿರುಗುಪ್ಪ)
ಕೆಳಕ್ಕ ಸರ್. ಬೋರಲು ಹಾಕಿದಂಗ. ಹೌದು, ತೊಟ್ಟು ಇಲಿ ಬಾಲದಂಗ ಉದ್ದ ಆಗೈತಿ.

ಭೂತಗನ್ನಡಿ (ಕಂಪ್ಲಿ)
ಹಾಗಾದರೆ ಅದು ಹುಳವೇ ಅಲ್ಲ, ಮೈಟ್ ನುಸಿ. ನುಸಿ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಕರೆದು ನಾವೇ ಗೊಂದಲ ಮಾಡಿಕೊಂಡಿದ್ದೇವೆ. ಥ್ರಿಪ್ಸ್ ಬಂದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ಬಂದರೆ ಕೆಳಕ್ಕೆ. ಮೈಟ್ ಜೇಡದ ಬಳಗ, ಬಡಿದರೆ ಬೀಳುವುದಿಲ್ಲ, ಬಿದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ.

ಎಳೆ ಎಲೆ ತಿರುವಿ ಹತ್ತು ಪಟ್ಟಿನ ಮಸೂರ ಹಿಡಿಯಿರಿ. ನರದ ಪಕ್ಕದಲ್ಲಿ ಗಾಜಿನ ಹನಿಯಂತಹ ಬಿಳಿ ಜೀವಿಗಳು ಕಾಣುತ್ತವೆ. ತತ್ತಿಯ ಮೈಮೇಲೆ ಸಾಲಾಗಿ ಬಿಳಿ ಬೊಟ್ಟು. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಒಂದು ಇನ್ನೊಂದನ್ನು ಹೊತ್ತುಕೊಂಡು ಓಡುವುದೂ ಕಾಣುತ್ತದೆ. ಗಂಡು ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣನ್ನು ಬೆನ್ನ ಹಿಂದೆ ಎತ್ತಿಕೊಂಡು ಹೊಸ ಸುಳಿಗೆ ಸಾಗಿಸುತ್ತದೆ. ನಾನು ಮೊದಲ ಸಲ ನೋಡಿದ ದಿನ ಊಟ ತಣ್ಣಗಾಗಿತ್ತು, ಮನೆಯಾಕೆ ಬೈದಿದ್ದಳು.

ನೀವು ಮೂರು ಸಲ ಹೊಡೆದದ್ದರಲ್ಲಿ ಪೈರಿಥ್ರಾಯ್ಡ್ ಇತ್ತೇ?

ಹಗರಿದಂಡಿ (ಸಿರುಗುಪ್ಪ)
ಬಾಟ್ಲಿ ನೋಡಿದೆ ಸರ್. ಎರಡರಾಗ ಇತ್ತು.

ಭೂತಗನ್ನಡಿ (ಕಂಪ್ಲಿ)
ಮೈಟನ್ನು ತಿನ್ನುವ ಒಳ್ಳೆಯ ಜೀವಿಗಳು ಸತ್ತಿವೆ, ಮೈಟ್ ಉಳಿದಿದೆ. ನೀರಿನಲ್ಲಿ ಕಲಸುವ ಗಂಧಕ, ಇಲ್ಲವೇ ಮೈಟಿಗೆಂದೇ ಇರುವ ಔಷಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಹೊಡೆಯಿರಿ. ಬಿಸಿಲು ಜೋರಿದ್ದಾಗ ಗಂಧಕ ಬೇಡ, ಎಲೆ ಸುಡುತ್ತದೆ.

ಪಿಪೆಟ್ಟಿನಾಕಿ (ರಾಯಚೂರು)
ಮೇಷ್ಟ್ರ ಮಸೂರಕ್ಕ ನಮ್ಮ ಯಂತ್ರ ಸೋತಿತು. ಬರ್ಕೊಂಡು ಇಡ್ತೀನಿ.

ಹಗರಿದಂಡಿ (ಸಿರುಗುಪ್ಪ)
13 ದಿನ ಆದ ಮ್ಯಾಲೆ ಬರೀತೀನಿ. ಫಲಿತಾಂಶ ಬಂತು.

5 ಟ್ಯೂಬಿನಾಗ ಒಂದರಾಗ ಡಿಎನ್ಎ ಏಳಲೇ ಇಲ್ಲಂತ. ಅದು ಕೆಳಗಿನ ಮಡಿ ಎಲೆದು, ಎಲೆ ನೀರು ಬಿಟ್ಟು ಎಥೆನಾಲ್ ತೆಳ್ಳಗ ಆಗಿತ್ತಂತ. ಹೂವಿನ ಕರೇವು ಪಾರ್ವಿಸ್ಪೈನಸ್. ಹೂವಿನ ಹಳದಿ ಮರಿನೂ ಪಾರ್ವಿಸ್ಪೈನಸ್. ಅಂದ್ರ ಹೊರಗಿಂದ ಹಾರಿ ಬಂದು ಕುಂತಿದ್ದಲ್ಲ, ನನ್ನ ಹೊಲದಾಗ ಮನಿ ಮಾಡಿ ಮರಿ ಹಾಕ್ಯಾವ. ಮ್ಯಾಲಿನ ಹೊಲದ ಎಲೆ ಮ್ಯಾಲಿನ ಹಳದಿ ಮರಿ ಡಾರ್ಸಾಲಿಸ್. ಒಂದೇ ಗಿಡ, ಹೂವಿನಾಗ ಒಬ್ಬ, ಎಲ್ಯಾಗ ಇನ್ನೊಬ್ಬ. ಎರಡೂ ಅಂಗಡಿಯವರು ಹೇಳಿದ ಹೆಸರು ಖರೇನ ಇತ್ತು ನೋಡ್ರಿ, ಒಬ್ಬ ಹೂವು ನೋಡಿದ್ದ, ಒಬ್ಬ ಎಲೆ ನೋಡಿದ್ದ. ಕೆಳಗಿನ ಮಡಿಗೆ ಮೇಷ್ಟ್ರು ಹೇಳಿದ್ದೇ ಮೈಟ್, ಮಗಳಿಗೆ ಮಸೂರ ಕೊಡಿಸೀನಿ, ಆಕಿನೂ ಹೊತ್ಕೊಂಡು ಓಡೋದನ್ನ ನೋಡಿದ್ಲು.

ಆದ್ರ ಖರೆ ಹೇಳ್ತೀನಿ, 13 ದಿನ ಹುಳ ನನಗ ಕಾಯಲಿಲ್ಲ. ಮೊದಲನೇ ಹೂವು ಪೂರ್ತಿ ಹೋತು. ಫಲಿತಾಂಶ ಬರೋಕಿಂತ ಮೊದಲ ಕೃಷಿ ವಿಜ್ಞಾನ ಕೇಂದ್ರದವರು ಹೇಳಿದಂಗ ನೀಲಿ ಅಂಟು ಹಾಳಿ ಕಟ್ಟಿದ್ದೆ, ಯೂರಿಯಾ ನಿಲ್ಲಿಸಿದ್ದೆ. ಈಗ ಎರಡನೇ ಹೂವು ಬರಾಕತ್ತೈತಿ, ಬಡದ್ರ ಮೂರ್ನಾಕು ಬೀಳ್ತಾವ.

ಪಿಪೆಟ್ಟಿನಾಕಿ (ರಾಯಚೂರು)
13 ದಿನ ತಡ ಆತು, ಖರೆ. ಅಕ್ಷರ ಓದಿಸಾಕ ಹೊರಗ ಕಳಿಸಬೇಕು, ಅಲ್ಲಿ ಸಾಲು. ಒಬ್ಬ ರೈತನ ಒಂದು ಹಂಗಾಮಿಗೆ ಇದು ವೇಗ ಸಾಲದು, ನಾನೂ ಒಪ್ತೀನಿ. ಆದ್ರ ಸಿರುಗುಪ್ಪದಾಗ ಈ ತಿಂಗಳು ಇದು ಮರಿ ಹಾಕ್ಯದ ಅಂತ ಈಗ ಗೊತ್ತಾತಲ್ಲ. ಕುರುಗೋಡು, ಕಂಪ್ಲಿಯವರು ಇವತ್ತೇ ಹೂವು ಬಡದು ನೋಡ್ರಿ.

ಕೆಂಪುಗುಂಟೂರು (ಕುರುಗೋಡು)
ಬಡದೆ. ಹೂವಿಗೆ ಎರಡು. ನೀಲಿ ಹಾಳಿ ತರಾಕ ಹೊಂಟೆ.

ಕುಷ್ಟಗಿ ದಾಳಿಂಬ್ರಿ
ತಾಟು ಮನಿಯವರಿಗೆ ಕೇಳಿ ತಗೊಂಡ್ರೇನು?

ಹಗರಿದಂಡಿ (ಸಿರುಗುಪ್ಪ)
ಕೇಳಿಲ್ಲ. ಅದು ಈಗ ಹೊಲದ ತಾಟು ಅಂತ ತೀರ್ಮಾನ ಆಗೈತಿ, ಒಳಗ ಬರಂಗಿಲ್ಲ. ಗಲ್ಲಾ ಅಣ್ಣ, ಒಂದು ಕೇಳ್ತೀನಿ, ಆ ಪೈರಿಥ್ರಾಯ್ಡ್ ಒಂದೂವರೆ ಬಾಟ್ಲಿ ಉಳದೈತಿ. ಅಂಗಡಿಯವ ವಾಪಸ್ ತಗೋತಾನೇನು?

ಅಂಗಡಿಗಲ್ಲಾ (ಸಿಂಧನೂರು)
ಸೀಲ್ ಇರೋದು ತಗೋತಾನ. ಅರ್ಧದ್ದು ಇಲ್ಲ.